ಹಳೆಯ ಕಾರಿನ ಆರೈಕೆ: ಹವ್ಯಾಸವೋ, ದುಂದುವೆಚ್ಚವೋ?

ಸಹೋದರಿಯರೇ, ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿರುವ ಹಳೆಯ ಕಾರುಗಳ ಸಂಗ್ರಹವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅಮೆರಿಕದ ಫೋರ್ಡ್ ಕಂಪೆನಿ 1908ರಿಂದ 1927ರವರೆಗೆ ತಯಾರಿಸಿದ ಸುಮಾರು ಒಂದೂವರೆ ಕೋಟಿ 'ಮಾಡೆಲ್ ಟಿ' ಕಾರುಗಳಲ್ಲಿ ಕೆಲವು ಇಂದಿಗೂ ಓಡುತ್ತಿವೆ. ಇದು ಆರೈಕೆಯ ಫಲ. ಬಂಟ್ವಾಳ, ಮೂಡುಬಿದಿರೆಯ ಮಳೆಗೆ ತಗಡು ಬೇಗ ತುಕ್ಕು ಹಿಡಿಯುತ್ತದೆ. ಓಡಿಸದೆ ನಿಲ್ಲಿಸಿದರೆ ಪೆಟ್ರೋಲ್ ಅಂಟಾಗಿ ಕಾರ್ಬ್ಯುರೇಟರ್ ಕಟ್ಟಿಕೊಳ್ಳುತ್ತದೆ.

ಪತಿಗೋ ಮಗನಿಗೋ ಇಂತಹ ಹವ್ಯಾಸವಿದ್ದರೆ ಹಂಗಿಸಬೇಡಿ. ಇದ್ದುದನ್ನು ಕೆಡದಂತೆ ಕಾಪಾಡುವುದು ಅಲ್ಲಾಹನ ಅನುಗ್ರಹಕ್ಕೆ ತೋರುವ ಗೌರವ. ಆದರೆ ಸಾಲ ತೀರಿಸದೆ, ಝಕಾತ್ ಕೊಡದೆ, ಮಕ್ಕಳ ಶುಲ್ಕ ತಡೆಹಿಡಿದು ಬಿಡಿಭಾಗ ತರಿಸಿದರೆ ಅದೇ ಹವ್ಯಾಸ ದುಂದುವೆಚ್ಚವಾಗುತ್ತದೆ. ಆದ್ದರಿಂದ ಮನೆಖರ್ಚು ಕಳೆದು ತಿಂಗಳಿಗೆ ಇಷ್ಟೇ ಎಂದು ಇಬ್ಬರೂ ಕುಳಿತು ನಿರ್ಧರಿಸಿ. ಕಾರಿಗಿಂತ ಮೊದಲ ಹಕ್ಕು ಮನೆಯವರದ್ದು.