ಹ್ಯಾಂಗರಿನ ಬಾಗಿಲೂ ಹಳ್ಳಿಯ ಉಪಾಧ್ಯಾಯರೂ

ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿದ್ದ ತರುಣ ರೊದ್ದಂ ನರಸಿಂಹ ಅವರು, ಊರಿನವರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯನ್ನು ನೋಡಲು ಒಮ್ಮೆ ಹೋದಾಗ, ಅಲ್ಲಿನ ವಿಮಾನಶಾಸ್ತ್ರ ವಿಭಾಗದಲ್ಲಿ ನಿಲ್ಲಿಸಿದ್ದ ಸ್ಪಿಟ್‌ಫೈರ್ ಯುದ್ಧವಿಮಾನವೊಂದನ್ನು ಕಂಡು, ಅದರ ರೂಪಕ್ಕೆ ಮನಸೋತು, ತಾವು ಕಲಿಯತಕ್ಕ ವಿದ್ಯೆ ಇದೇ ಎಂದು ನಿಶ್ಚಯಿಸಿದರಂತೆ. ಮುಂದೆ ಅವರು ವಿಮಾನಶಾಸ್ತ್ರಜ್ಞ ಸತೀಶ್ ಧವನರ ಶಿಷ್ಯರಾದುದು, ಅಮೆರಿಕದ ಕ್ಯಾಲ್ಟೆಕ್‌ಗೆ ಹೋಗಿ ಬಂದುದು, 1984ರಿಂದ 1993ರವರೆಗೆ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ನಿರ್ದೇಶಕರಾಗಿದ್ದುದು ಎಲ್ಲರೂ ಬಲ್ಲ ಸಂಗತಿ. ಆದರೆ ಈ ವೃತ್ತಾಂತವನ್ನು ಹೇಳುವವರು ಸಾಮಾನ್ಯವಾಗಿ ವಿಮಾನವನ್ನು ಮಾತ್ರ ನೆನೆದು, ಆ ತರುಣನ ತಂದೆಯನ್ನು ಮರೆತುಬಿಡುತ್ತಾರೆ. ತಂದೆ ಆರ್. ಎಲ್. ನರಸಿಂಹಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವರು. ನಕ್ಷತ್ರಗಳ ವಿಷಯವನ್ನು ತಿಳಿಗನ್ನಡದಲ್ಲಿ ಬರೆದವರು. ಅಂಗಳದಲ್ಲಿ ವಿಮಾನ, ಮನೆಯಲ್ಲಿ ಉಪಾಧ್ಯಾಯ, ಈ ಎರಡು ಭಾಗ್ಯಗಳೂ ಒಬ್ಬನಿಗೇ ಒದಗಿದುವು.

ಇವುಗಳಲ್ಲಿ ಒಂದು ಮಾತ್ರ ಒದಗಿದರೆ ಏನಾದೀತೆಂದು ನೋಡಲು ಈಗ ತುಮಕೂರು ಜಿಲ್ಲೆಯ ಗುಬ್ಬಿಯ ಕಡೆಗೆ ಹೋಗೋಣ. ಆ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಗಳ ವಿಸ್ತಾರದಲ್ಲಿ ಎದ್ದಿರುವ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಸುತ್ತಲಿನ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರು ಹಾದುಹೋಗುವಾಗ, ಸರ್ಕಾರಿ ಪ್ರೌಢಶಾಲೆಯ ಹುಡುಗಿಯೊಬ್ಬಳು ಕಿಟಕಿಯಾಚೆಗೆ ಕತ್ತೆತ್ತಿ ನೋಡಿ, “ಸಾರ್, ಅಲ್ಲಿ ಕೆಲಸ ಸಿಗಬೇಕಾದರೆ ಏನು ಓದಬೇಕು?” ಎಂದು ಕೇಳಿದಳೆನ್ನಿ. ಆಕೆಯ ಮನೆಯಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಿಲ್ಲ. ಉತ್ತರ ಕೊಡಬೇಕಾದವರು ಆ ಮೇಷ್ಟ್ರೇ. ಅವರಾದರೂ ಏನು ಹೇಳಿಯಾರು? ಕಾರ್ಖಾನೆಯ ಕಾಂಪೌಂಡಿನ ಒಳಗೆ ಕಾಲಿಡಲು ಅವರನ್ನು ಕರೆದವರು ಯಾರು? “ಚೆನ್ನಾಗಿ ಓದಮ್ಮಾ” ಎಂಬುದರ ಹೊರತು ಅವರ ಬಳಿಯಲ್ಲಿ ಮಾತಿರದಿದ್ದರೆ ಆ ತಪ್ಪು ಅವರದಲ್ಲ.

ವಿಮಾನೋದ್ಯಮವೂ ಬೋಧನೆಯೂ ಈ ನಾಡಿನಲ್ಲಿ ಮೊದಲಿನಿಂದ ಹೀಗೆ ಬೇರೆಬೇರೆಯಾಗಿ ಇರಲಿಲ್ಲವೆಂಬುದನ್ನು ಇಲ್ಲಿ ನೆನೆಯುವುದು ಉಚಿತ. ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಾಯದಿಂದ 1940ರಲ್ಲಿ ಇಂದಿನ ಎಚ್‌ಎಎಲ್‌ನ ಮೂಲವಾದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದ ಎರಡು ವರ್ಷಗಳೊಳಗೆ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ವಿಭಾಗ ಆರಂಭವಾದಾಗ, ಅದರ ಬೋಧನೆಯ ಭಾರವನ್ನು ಹೊತ್ತವರು ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಗಾಳಿಯ ಹರಿವಿನ ಶಾಸ್ತ್ರದಲ್ಲಿ ಹೆಸರಾದ ಪ್ರಾಂಟ್ಲ್ ಮಹಾಶಯರ ಬಳಿ ಕಲಿತು ಬಂದಿದ್ದ, ಆ ಕಂಪನಿಯಲ್ಲಿಯೇ ವಿನ್ಯಾಸಕಾರ್ಯದಲ್ಲಿ ತೊಡಗಿದ್ದ ವಿ. ಎಂ. ಘಾಟಗೆಯವರು. ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಆಕಾಶಕ್ಕೆ ಏರಿತು. ಕಾರ್ಖಾನೆಯ ಎಣ್ಣೆಯನ್ನೂ ಪಾಠದ ಸೀಮೆಸುಣ್ಣವನ್ನೂ ಒಂದೇ ಕೈ ಮುಟ್ಟುತ್ತಿದ್ದ ಕಾಲವದು. ಅಂದು ಕಾಲೇಜಿನ ಮಟ್ಟದಲ್ಲಿ ಇದ್ದ ಈ ಒಡನಾಟ ಪ್ರೌಢಶಾಲೆಯವರೆಗೆ ಎಂದೂ ಇಳಿದು ಬರಲಿಲ್ಲ.

ಮಕ್ಕಳಿಗಾಗಿ ಏರ್ಪಾಡುಗಳು ಇಲ್ಲವೆಂದಲ್ಲ. ಇಸ್ರೊ ಸಂಸ್ಥೆ 2019ರಿಂದ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳಿಗೆ ‘ಯುವಿಕಾ’ ಎಂಬ ಶಿಬಿರವನ್ನು ನಡೆಸುತ್ತಿದೆ. ದೇವನಹಳ್ಳಿಯ ಬಳಿ 2024ರ ಜನವರಿಯಲ್ಲಿ ಬೋಯಿಂಗ್ ಕಂಪನಿಯ ವಿಶಾಲವಾದ ಆವರಣ ಉದ್ಘಾಟನೆಯಾದಂದೇ ಹೆಣ್ಣುಮಕ್ಕಳನ್ನು ಈ ಕ್ಷೇತ್ರಕ್ಕೆ ಸೆಳೆಯುವ ‘ಸುಕನ್ಯಾ’ ಯೋಜನೆಯೂ ಆರಂಭವಾಯಿತು. ಕಬ್ಬನ್ ಪಾರ್ಕಿನ ಮಗ್ಗುಲಲ್ಲಿರುವ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೂ ಎಚ್‌ಎಎಲ್‌ನ ವಿಮಾನ ಸಂಗ್ರಹಾಲಯಕ್ಕೂ ಪ್ರವಾಸದ ಬಸ್ಸುಗಳು ಬರುತ್ತಲೇ ಇರುತ್ತವೆ. ಆದರೆ ಆ ಪ್ರವಾಸದಲ್ಲಿ ಉಪಾಧ್ಯಾಯರ ಪಾಡನ್ನು ಗಮನಿಸಿ: ಅಲ್ಲಿರುವ ಮಾರುತ್ ಯುದ್ಧವಿಮಾನದ ರೆಕ್ಕೆಯನ್ನು ನೋಡುವುದಕ್ಕೆ ಅವರಿಗೆ ವ್ಯವಧಾನವೆಲ್ಲಿ, ಮಕ್ಕಳ ತಲೆ ಎಣಿಸುವುದರಲ್ಲಿಯೇ ಅವರ ದಿನ ಕಳೆದುಹೋಗುತ್ತದೆ. ಒಬ್ಬ ವಿದ್ಯಾರ್ಥಿ ಕಂಡುದು ಅವನೊಬ್ಬನ ಪಾಲಿಗೆ. ಒಬ್ಬ ಉಪಾಧ್ಯಾಯನು ಕಂಡುದು ಅವನು ನಿವೃತ್ತನಾಗುವವರೆಗೆ ವರ್ಷವರ್ಷವೂ ಬರುವ ಹೊಸ ತರಗತಿಯ ಪಾಲಿಗೆ. ಆದಕಾರಣ ಕಾರ್ಖಾನೆಯ ಬಾಗಿಲು ಮೊದಲು ತೆರೆಯಬೇಕಾದುದು ಉಪಾಧ್ಯಾಯರಿಗೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅವರಿಗೆ ಅಲ್ಲಿ ದೊರೆಯುವುದೇನು? ಮೊದಲನೆಯದಾಗಿ, ಪಾಠದ ತಿದ್ದುಪಡಿ. ವಿಮಾನ ಏಕೆ ಮೇಲೇರುತ್ತದೆಂಬುದಕ್ಕೆ ಅನೇಕ ಪುಸ್ತಕಗಳು ಇಂದಿಗೂ ಕೊಡುವ ಕಾರಣವಿದು: ರೆಕ್ಕೆಯ ಮೇಲ್ಭಾಗ ಉಬ್ಬಿರುವುದರಿಂದ ಅಲ್ಲಿನ ಗಾಳಿಗೆ ದಾರಿ ದೂರ, ಕೆಳಗಿನ ಗಾಳಿಯನ್ನು ಹಿಂದಂಚಿನಲ್ಲಿ ಅದೇ ಕ್ಷಣದಲ್ಲಿ ಕೂಡಿಕೊಳ್ಳಬೇಕಾದುದರಿಂದ ಅದು ವೇಗವಾಗಿ ಓಡುತ್ತದೆ, ಓಡಿದುದರಿಂದ ಒತ್ತಡ ಕುಗ್ಗುತ್ತದೆ. ಕೇಳಲು ಸೊಗಸಾಗಿದೆ, ಆದರೆ ನಿಜವಲ್ಲ. ಹಾಗೆ ಕೂಡಿಕೊಳ್ಳಬೇಕೆಂಬ ನಿಯಮ ಪ್ರಕೃತಿಯಲ್ಲಿ ಎಲ್ಲಿಯೂ ಇಲ್ಲ. ವಿಂಡ್ ಟನೆಲ್ಲಿನಲ್ಲಿ ಹೊಗೆಯ ಎಳೆಗಳನ್ನು ಹರಿಸಿ ನೋಡಿದರೆ, ಮೇಲಿನ ಗಾಳಿ ಕೆಳಗಿನದನ್ನು ಕಾಯದೆ ಮುಂಚಿತವಾಗಿಯೇ ಹಿಂದಂಚನ್ನು ತಲುಪಿರುವುದು ಕಣ್ಣಿಗೆ ಕಾಣುತ್ತದೆ. ತಲೆಕೆಳಗಾಗಿ ಹಾರುವ ಯುದ್ಧವಿಮಾನವೂ, ಉಬ್ಬೇ ಇಲ್ಲದ ಚಪ್ಪಟೆ ರೆಕ್ಕೆಯ ಕಾಗದದ ವಿಮಾನವೂ ಆ ವಿವರಣೆಯನ್ನು ಸುಳ್ಳು ಮಾಡುತ್ತವೆ. ರೆಕ್ಕೆ ತನ್ನ ಆಕಾರದಿಂದಲೂ ಓರೆಯಿಂದಲೂ ಗಾಳಿಯನ್ನು ಕೆಳಮುಖವಾಗಿ ತಿರುಗಿಸುತ್ತದೆ. ಗಾಳಿ ಅದನ್ನು ಮೇಲಕ್ಕೆ ತಳ್ಳುತ್ತದೆ. ಮೇಲ್ಮೈಯಲ್ಲಿ ಒತ್ತಡ ಕುಗ್ಗುವುದೂ, ನ್ಯೂಟನ್ನನ ಮೂರನೆಯ ನಿಯಮವೂ ಒಂದೇ ಘಟನೆಯ ಎರಡು ಲೆಕ್ಕಗಳು. ಇದನ್ನು ಅರ್ಧ ದಿನ ಒಬ್ಬ ಇಂಜಿನಿಯರನ ಪಕ್ಕದಲ್ಲಿ ನಿಂತು ನೋಡಿದ ಉಪಾಧ್ಯಾಯನು ಮುಂದೆಂದೂ ತಪ್ಪು ಪಾಠವನ್ನು ಹೇಳಲಾರನು.

ಎರಡನೆಯದು ಇನ್ನೂ ಮುಖ್ಯವಾದುದು. ವಿಮಾನವೆಂದೊಡನೆ ನಮ್ಮ ಮಕ್ಕಳಿಗೆ ಪೈಲಟ್ಟೂ ಗಗನಯಾತ್ರಿಯೂ ಹೊಳೆಯುತ್ತಾರೆಯೇ ಹೊರತು, ತಗಡಿನ ಎರಡು ಬದಿಗಳಲ್ಲಿ ಇಬ್ಬರು ನಿಂತು, ಒಬ್ಬನು ರಿವೆಟ್ ಹೊಡೆಯುವಾಗ ಇನ್ನೊಬ್ಬನು ಹಿಂದಿನಿಂದ ಕಬ್ಬಿಣದ ದಿಮ್ಮಿಯನ್ನು ಆನಿಸಿ ಹಿಡಿಯುವ ಆ ಜೋಡಿಗೆಲಸ ಹೊಳೆಯುವುದಿಲ್ಲ. ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಬಿರುಕನ್ನು ಪತ್ತೆಹಚ್ಚುವ ಇನ್‌ಸ್ಪೆಕ್ಟರ್ ಇವರಿಲ್ಲದೆ ಯಾವ ವಿಮಾನವೂ ನೆಲ ಬಿಡದು. ತೇಜಸ್ ಯುದ್ಧವಿಮಾನದ ಕಾಯದಲ್ಲಿ ತೂಕದ ಲೆಕ್ಕಕ್ಕೆ ನೂರಕ್ಕೆ ಸುಮಾರು 45 ಪಾಲು ಲೋಹವಲ್ಲ, ಕಾಂಪೊಸಿಟ್. ರಾಳ ತುಂಬಿದ ಕಾರ್ಬನ್ ಬಟ್ಟೆಯನ್ನು ಪದರಪದರವಾಗಿ ಹಾಸಿ, ಆಟೊಕ್ಲೇವ್ ಎಂಬ, ಅಡಿಗೆಮನೆಯ ಕುಕ್ಕರಿನ ಹಿರಿಯಣ್ಣನಂತಿರುವ ಹಂಡೆಯಲ್ಲಿ ಶಾಖಕ್ಕೂ ಒತ್ತಡಕ್ಕೂ ಗುರಿಮಾಡಿ ಬೇಯಿಸಿದುದು. ಕೆಲಸ ಮುಗಿದ ಮೇಲೆ ಪ್ರತಿಯೊಂದು ಸ್ಪ್ಯಾನರನ್ನೂ ಎಣಿಸಿ, ಹಲಗೆಯ ಮೇಲೆ ಅದರದೇ ಆಕಾರ ಬರೆದಿರುವ ಜಾಗದಲ್ಲಿ ಇಟ್ಟ ಹೊರತು ಯಂತ್ರದ ಮುಚ್ಚಳ ಹಾಕುವಂತಿಲ್ಲ. ಒಳಗೆ ಉಳಿದ ಒಂದು ನಟ್ಟು ಪ್ರಾಣಾಪಾಯವನ್ನು ತಂದೀತು. ಇವನ್ನೆಲ್ಲ ಕಂಡ ಮೇಷ್ಟ್ರಿಗೆ, ಎಸ್ಸೆಸ್ಸೆಲ್ಸಿ ಮುಗಿಸಿದವರು ಐಟಿಐಗೋ ಪಾಲಿಟೆಕ್ನಿಕ್‌ಗೋ ಜಿಟಿಟಿಸಿ ಎಂಬ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಕ್ಕೋ ಸೇರಿ ಈ ಬಾಗಿಲನ್ನು ತಟ್ಟಬಹುದೆಂದೂ, ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳನ್ನು ಓದಿದವರು ವಿಮಾನ ನಿರ್ವಹಣೆಯ ಲೈಸೆನ್ಸಿಗೆ ಹೊರಡಬಹುದೆಂದೂ ತರಗತಿಯಲ್ಲಿ ಧೈರ್ಯವಾಗಿ ಹೇಳಲು ಬರುತ್ತದೆ.

ವಿಜ್ಞಾನದ ಉಪಾಧ್ಯಾಯರನ್ನು ಮಾತ್ರ ಕರೆದರೆ ಸಾಕೆನ್ನುವವರು ಕ್ರಿಸ್ಟಾ ಮೆಕಾಲಿಫ್ ಅವರನ್ನು ನೆನೆಯಬೇಕು. ಅಮೆರಿಕದ ನಾಸಾ ಸಂಸ್ಥೆ ಶಾಲೆಯ ಉಪಾಧ್ಯಾಯರೊಬ್ಬರನ್ನು ಅಂತರಿಕ್ಷಕ್ಕೆ ಕಳುಹಿಸಲು ಮುಂದಾದಾಗ 11,000ಕ್ಕೂ ಹೆಚ್ಚು ಮಂದಿ ಅರ್ಜಿ ಹಾಕಿದರು. ಆಯ್ಕೆಯಾದ ಆಕೆ ಕಾಂಕಾರ್ಡ್ ಎಂಬ ಊರಿನಲ್ಲಿ ಸಮಾಜವಿಜ್ಞಾನದ ವಿಷಯಗಳನ್ನು ಕಲಿಸುತ್ತಿದ್ದವರು. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಸಿಡಿದು ಅವರೂ ಸಂಗಡಿಗರಾದ ಆರು ಮಂದಿಯೂ ಮಡಿದರು. ಅವರಿಗೆ ಬದಲಿಯಾಗಿ ಸಿದ್ಧರಾಗಿದ್ದ ಬಾರ್ಬರಾ ಮಾರ್ಗನ್ ಎಂಬ ಉಪಾಧ್ಯಾಯಿನಿ ಇಪ್ಪತ್ತೊಂದು ವರ್ಷಗಳ ಅನಂತರ, 2007ರಲ್ಲಿ, ಅಂತರಿಕ್ಷಕ್ಕೆ ಹೋಗಿಯೇ ಹೋದರು. ನಾವು ನಮ್ಮ ಮೇಷ್ಟ್ರನ್ನು ಅಂತರಿಕ್ಷಕ್ಕಲ್ಲ, ಬೆಂಗಳೂರಿನ ಪೀಣ್ಯದಲ್ಲಿರುವ ಕಾರ್ಖಾನೆಯ ಒಂದು ಶೆಡ್ಡಿಗೆ ಕಳುಹಿಸಿರೆಂದು ಕೇಳುತ್ತಿರುವುದು!

ರಕ್ಷಣಾ ಇಲಾಖೆಯ ಕಾರ್ಖಾನೆಗಳಲ್ಲಿ ಗೋಪ್ಯವಿರಬೇಕಾದುದು ನ್ಯಾಯ; ಅಲ್ಲಿ ಯಾರನ್ನೂ ಎಲ್ಲೆಂದರಲ್ಲಿ ಬಿಡಲಾಗದು. ಆದರೆ ವಿಮಾನದ ಬಿಡಿಭಾಗಗಳನ್ನು ತಯಾರಿಸುವ ಖಾಸಗಿ ಘಟಕಗಳು ಪೀಣ್ಯದಲ್ಲಿವೆ, ದೇವನಹಳ್ಳಿಯಲ್ಲಿವೆ, ಬೆಳಗಾವಿ ಜಿಲ್ಲೆಯ ಹತ್ತರಗಿಯಲ್ಲಿವೆ. ದೊಡ್ಡ ಕಂಪನಿಗಳು 2013ರ ಕಂಪನಿ ಕಾಯಿದೆಯಂತೆ ಲಾಭದ ನೂರಕ್ಕೆ 2 ಪಾಲನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಿ, ಶಾಲೆಗಳಿಗೆ ಬೆಂಚುಗಳನ್ನೂ ಕಂಪ್ಯೂಟರುಗಳನ್ನೂ ಕೊಡುತ್ತಿವೆ. ಅದು ಒಳ್ಳೆಯದೇ. ಆದರೆ ಬೆಂಚಿಗಿಂತ ದುರ್ಲಭವಾದುದು ಒಬ್ಬ ಅನುಭವಸ್ಥ ಇಂಜಿನಿಯರನ ನಾಲ್ಕು ಗಂಟೆಗಳ ಸಮಯ. ಅದನ್ನು ಕೊಡುವುದರಲ್ಲಿಯೇ ನಮ್ಮ ಉದ್ಯಮಗಳು ಜಿಪುಣವಾಗಿವೆ.

ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಾದ ಡಯಟ್‌ಗಳು ಉಪಾಧ್ಯಾಯರಿಗೆ ಹೇಗೂ ತರಬೇತಿಗಳನ್ನು ನಡೆಸುತ್ತವೆ. ಅದರಲ್ಲಿ ಒಂದು ವಾರವನ್ನು ಸಭಾಂಗಣದಿಂದ ಕಾರ್ಖಾನೆಗೆ ಸ್ಥಳಾಂತರಿಸಿದರೆ ಹೊಸ ಇಲಾಖೆಯೂ ಬೇಡ, ಹೊಸ ಕಟ್ಟಡವೂ ಬೇಡ. ಪ್ರಯಾಣಭತ್ಯೆಯನ್ನೂ, ಹೊರಗೆ ಕಳೆದ ದಿನಗಳನ್ನು ಕರ್ತವ್ಯವೆಂದೇ ಎಣಿಸುವ ಓಓಡಿಯನ್ನೂ ಮಂಜೂರು ಮಾಡುವ ಒಂದು ಆದೇಶ ಸಾಕು. ಹೋದವರು ಹಿಂತಿರುಗಿದ ಮೇಲೆ ವರದಿಯನ್ನು ಬರೆಯಿರೆಂದು ಪೀಡಿಸದೆ, ನೋಡಿದುದನ್ನು ತರಗತಿಯಲ್ಲಿ ಹೇಳಿರೆಂದು ಬಿಟ್ಟರೆ ಇನ್ನೂ ಉತ್ತಮ. ಶಿಕ್ಷಣ ಇಲಾಖೆಯ ಹಿರಿಯ ಅಧಿಕಾರಿಗಳೂ, ಕಂಪನಿಗಳ ಮುಖ್ಯಸ್ಥರೂ ಬರುವ ಬೇಸಗೆ ರಜೆಗೆ ಮೊದಲೇ ಒಂದು ಮೇಜಿನ ಸುತ್ತ ಕುಳಿತು ಇದನ್ನು ಗೊತ್ತುಮಾಡಲಿ. ಮೊದಲ ತಂಡ ಗುಬ್ಬಿ ತಾಲ್ಲೂಕಿನದಾಗಿರಲಿ.