ರೂಪರ್ಟ್ ಕಣಿವೆಯಲ್ಲಿ ಮಲಗಿದವರು

ಸೇಂಟ್ ಹೆಲೆನಾ ದ್ವೀಪಕ್ಕೆ ನಾನು ಹೋಗಿದ್ದೂ ಎಲ್ಲರಂತೆ ನೆಪೋಲಿಯನ್ನನ ಬೆನ್ನು ಹತ್ತಿಯೇ. ಜೋಹಾನ್ಸ್‌ಬರ್ಗ್‌ನಿಂದ ಬಂದ ವಿಮಾನ ಇಳಿದ ಮಾರನೆಯ ದಿನ, ಅವನು ಕೊನೆಯುಸಿರೆಳೆದ ಲಾಂಗ್‌ವುಡ್ ಮನೆ ನೋಡಿದೆ. ಅವನನ್ನು ಮಣ್ಣು ಮಾಡಿದ್ದ ಹಸಿರು ತಗ್ಗಿಗೂ ಇಳಿದೆ. ಸುತ್ತ ಬೇಲಿ, ಗಿಡಮರ, ಒಪ್ಪವಾಗಿ ಕತ್ತರಿಸಿದ ಹುಲ್ಲು. 1858ರಿಂದ ಆ ಜಾಗ ಫ್ರಾನ್ಸ್ ದೇಶದ ಸ್ವತ್ತು. ಸಮಾಧಿಯೊಳಗೆ ಮಾತ್ರ ಯಾರೂ ಇಲ್ಲ. ಅವನ ದೇಹವನ್ನು 1840ರ ಅಕ್ಟೋಬರ್‌ನಲ್ಲೇ ತಾಯ್ನಾಡಿಗೆ ಒಯ್ದರು. ಮರಳಿ ಕಾರು ಹತ್ತುವಾಗ ಚಾಲಕರು, “ನಾಳೆ ರೂಪರ್ಟ್‌ಗೆ ಹೋಗೋಣ. ಅಲ್ಲಿ ಜನ ಇನ್ನೂ ಮಣ್ಣಿನೊಳಗೇ ಇದ್ದಾರೆ” ಎಂದರು. ಇಡೀ ಪ್ರವಾಸ ಹೊರಳಿದ್ದು ಆ ಮಾತಿನಿಂದ.

ರಾಜಧಾನಿ ಜೇಮ್ಸ್‌ಟೌನ್‌ನಿಂದ ಒಂದು ಗುಡ್ಡ ದಾಟಿದರೆ ರೂಪರ್ಟ್ ಕಣಿವೆ. ಹುಲ್ಲಿಲ್ಲ, ನೆರಳಿಲ್ಲ. ಜ್ವಾಲಾಮುಖಿ ಉಗುಳಿದ ಕಂದು ಕಲ್ಲು, ಹೆಜ್ಜೆಯಿಟ್ಟರೆ ಏಳುವ ಧೂಳು. ಕೆಳಗೆ ಸಮುದ್ರದ ಕಡೆ ಹಡಗುಕಟ್ಟೆ, ಇಂಧನದ ಟ್ಯಾಂಕುಗಳು, ವಿದ್ಯುತ್ ಸ್ಥಾವರ. ಮಣ್ಣು ಮಾಡಿದ ಜಾಗವನ್ನು ತುಳಿಯಬಾರದು ಅಂತ ಚಿಕ್ಕಂದಿನಿಂದ ಕೇಳಿ ಬೆಳೆದವಳು ನಾನು. ಇಲ್ಲಿ ಎಲ್ಲಿ ತುಳಿಯಬಹುದು, ಎಲ್ಲಿ ತುಳಿಯಬಾರದು ಎಂದೇ ಗೊತ್ತಾಗದೆ ರಸ್ತೆಯಂಚಿನಲ್ಲಿ ನಿಂತುಬಿಟ್ಟೆ.

ಕಥೆ ಚಿಕ್ಕದಾಗಿ ಹೀಗೆ. ಬ್ರಿಟನ್ 1807ರಲ್ಲಿ ಗುಲಾಮರ ವ್ಯಾಪಾರ ನಿಷೇಧಿಸಿತು. ಪೋರ್ಚುಗೀಸರೂ ಬ್ರೆಜಿಲ್‌ನವರೂ ಬಿಡಲಿಲ್ಲ. ಅವರ ಗುಲಾಮರ ಹಡಗುಗಳನ್ನು ಬ್ರಿಟಿಷ್ ನೌಕಾಪಡೆ ನಡುಗಡಲಿನಲ್ಲೇ ಹಿಡಿಯತೊಡಗಿತು. ಅವುಗಳ ವಿಚಾರಣೆಗೆ 1840ರಲ್ಲಿ ಸೇಂಟ್ ಹೆಲೆನಾದಲ್ಲೊಂದು ನ್ಯಾಯಾಲಯ ತೆರೆಯಿತು. ಚಕ್ರವರ್ತಿಯ ಹೆಣ ಹೊರಟ ವರ್ಷವೇ ಆ ಹಡಗುಗಳಲ್ಲಿದ್ದ ಆಫ್ರಿಕನ್ನರು ಇಲ್ಲಿಗೆ ಬರತೊಡಗಿದರು. ಮುಂದಿನ ಮೂರು ದಶಕಗಳಲ್ಲಿ ಹೀಗೆ ಬಂದಿಳಿದವರು ಸುಮಾರು 27,000. ಸಿಡುಬು, ಆಮಶಂಕೆ, ಸ್ಕರ್ವಿಯಿಂದ ಇಲ್ಲೇ ಸತ್ತವರು ಸುಮಾರು 8,000. ಬದುಕಿದವರಲ್ಲಿ ಬಹುಪಾಲು ಜನರನ್ನು ಕರಾರಿನ ಕೂಲಿಗಳನ್ನಾಗಿ ವೆಸ್ಟ್ ಇಂಡೀಸ್‌ಗೆ, ದಕ್ಷಿಣ ಆಫ್ರಿಕಾದ ಕೇಪ್‌ಗೆ ಸಾಗಿಸಿದರು. ಊರಿಗೆ ಮರಳಿದವರಿಲ್ಲವೆಂದೇ ಹೇಳಬೇಕು. ದಾಖಲೆಗಳು ಇವರನ್ನು ‘ಬಿಡುಗಡೆಗೊಂಡ ಆಫ್ರಿಕನ್ನರು’ ಎನ್ನುತ್ತವೆ. ಈ ಧೂಳಿನಲ್ಲಿ ನಿಂತ ಮೇಲೆ ‘ಬಿಡುಗಡೆ’ ಎಂಬ ಪದವನ್ನು ಸುಲಭವಾಗಿ ಬರೆಯಲು ನನಗೆ ಕೈ ಬರುತ್ತಿಲ್ಲ.

ದ್ವೀಪಕ್ಕೆ ವಿಮಾನ ನಿಲ್ದಾಣ ಬೇಕಾಯಿತು. ಅದರ ಸಾಮಾನು ಸಾಗಿಸಲು ಈ ಕಣಿವೆಯಿಂದ ರಸ್ತೆ ಹೊರಡಬೇಕಿತ್ತು. ಅದಕ್ಕಾಗಿ 2008ರ ಸುಮಾರಿಗೆ ಪುರಾತತ್ವಜ್ಞ ಆಂಡ್ರ್ಯೂ ಪಿಯರ್ಸನ್ ಅವರ ತಂಡ ಅಗೆದಾಗ 325 ಮಂದಿಯ ಅವಶೇಷ ಸಿಕ್ಕವು. ಆಳವಿಲ್ಲದ ಗುಂಡಿಗಳಲ್ಲಿ ಒಬ್ಬರ ಮೇಲೊಬ್ಬರು. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಮಕ್ಕಳು, ಹದಿಹರೆಯದವರು, ಆಗತಾನೇ ಪ್ರಾಯಕ್ಕೆ ಬಂದವರು. ಶವಪೆಟ್ಟಿಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು ಮಂದಿಗೆ. ಹುಟ್ಟೂರಿನ ಪದ್ಧತಿಯಂತೆ ಮುಂದಿನ ಹಲ್ಲುಗಳನ್ನು ಅರದಿಂದ ಉಜ್ಜಿ ರೂಪ ಕೊಟ್ಟಿದ್ದ ಬಾಯಿಗಳಿದ್ದವು. ಕೆಲವರ ಮೈಮೇಲೆ ಮಣಿಸರ, ಲೋಹದ ಬಳೆ. ಮನೆಯಿಂದ ಹೊರಟಾಗ ಹಾಕಿಕೊಂಡಿದ್ದೋ, ದಾರಿಯಲ್ಲಿ ಹೇಗೋ ಬಚ್ಚಿಟ್ಟು ತಂದಿದ್ದೋ. ಆ ಹಡಗಿನ ಹೊಟ್ಟೆಯೊಳಗೂ ಒಂದು ಹುಡುಗಿ ತನ್ನ ಮಣಿಸರವನ್ನು ಕಳೆದುಕೊಳ್ಳದೆ ಬಂದಳಲ್ಲ ಎಂಬುದನ್ನು ಇವತ್ತಿಗೂ ತಲೆಯಿಂದ ತೆಗೆಯಲಾಗಿಲ್ಲ.

ಇಲ್ಲಿ ಗೆದ್ದಲಿನ ವಿಷಯ ಹೇಳಲೇಬೇಕು. ಹಿಡಿದ ಹಡಗುಗಳನ್ನು ಜೇಮ್ಸ್‌ಟೌನ್‌ನಲ್ಲಿ ಒಡೆದು ಮರಮುಟ್ಟು ಮಾರುತ್ತಿದ್ದರು. ಅಂಥದೊಂದು ಹಡಗಿನ ಮರದೊಳಗಿಂದ ಗೆದ್ದಲು ಊರಿಗಿಳಿಯಿತು. ಮುಂದಿನ ವರ್ಷಗಳಲ್ಲಿ ತೊಲೆ, ಕಿಟಕಿ, ಬಾಗಿಲು, ಚಾವಣಿ ಎಲ್ಲ ಪುಡಿಯಾಗಿ ಅರ್ಧ ಪಟ್ಟಣವನ್ನೇ ಮತ್ತೆ ಕಟ್ಟಬೇಕಾಯಿತು. 1875ರಲ್ಲಿ ದ್ವೀಪದ ಬಗ್ಗೆ ದೊಡ್ಡ ಗ್ರಂಥ ತಂದ ಜಾನ್ ಮೆಲ್ಲಿಸ್ ಇದನ್ನು ವಿವರವಾಗಿ ಬರೆದಿದ್ದಾರೆ. ಗ್ರಂಥಾಲಯದಲ್ಲಿ ಗೆದ್ದಲು ಧಾರ್ಮಿಕ ಪುಸ್ತಕಗಳನ್ನೇ ಹೆಚ್ಚಾಗಿ ತಿಂದಿತಂತೆ. ರಟ್ಟು ಹಾಗೇ ನಿಂತಿದ್ದು ಒಳಗೆಲ್ಲ ಟೊಳ್ಳು. ರೈಲೇ ಓಡದ ಈ ದ್ವೀಪದಲ್ಲಿ ಹಳೆಯ ಮನೆಗಳ ಚಾವಣಿಗೆ ರೈಲು ಕಂಬಿಗಳನ್ನು ತೊಲೆಯಾಗಿ ಹಾಕಿದ್ದಾರೆ. ಮರವನ್ನು ನಂಬುವ ಹಾಗಿರಲಿಲ್ಲ. ಅಂಗಡಿಯೊಂದರಲ್ಲಿ ತಲೆಯೆತ್ತಿ ನೋಡಿದೆ: ಸುಣ್ಣ ಬಳಿದ ಕಂಬಿ, ಅಂಚಿನಲ್ಲಿ ತುಕ್ಕು. ಹುತ್ತ, ಗೆದ್ದಲು ಹಿಡಿದ ಜಂತಿ, ಪುಡಿಯಾದ ಪತ್ರಗಳ ಪೆಟ್ಟಿಗೆ ನೋಡುತ್ತಲೇ ಬೆಳೆದ ನಮಗೆ ಆ ಜನರ ದಿಗಿಲು ಅರ್ಥವಾಗುತ್ತದೆ. ನನಗೆ ಸಂಕಟವಾಗಿದ್ದು ಬೇರೆ ಕಾರಣಕ್ಕೆ. ಗುಲಾಮರ ಹಡಗು ಎಂದೊಡನೆ ಅಲ್ಲಿ ನಾನು ಮಾತಾಡಿಸಿದವರೆಲ್ಲ ಮೊದಲು ಹೇಳಿದ್ದು ಅದರ ಮರದಲ್ಲಿ ಬಂದ ಹುಳುವಿನ ಕಥೆ. ಅದೇ ಹಡಗುಗಳಲ್ಲಿ ಬಂದ ಮಕ್ಕಳ ಬಗ್ಗೆ ಕೇಳಿದರೆ ಮಾತು ನಿಲ್ಲುತ್ತಿತ್ತು.

ಅಗೆದು ತೆಗೆದ 325 ಮಂದಿಯ ಮೂಳೆಗಳು ಹತ್ತು ವರ್ಷಕ್ಕೂ ಮಿಕ್ಕಿ ಜೇಮ್ಸ್‌ಟೌನ್‌ನ ಉಗ್ರಾಣವೊಂದರಲ್ಲಿ ರಟ್ಟಿನ ಪೆಟ್ಟಿಗೆಗಳಲ್ಲಿದ್ದವು. ವಿಮಾನ ನಿಲ್ದಾಣದ ಕೆಲಸಕ್ಕೆಂದು ಬಂದ ನಮೀಬಿಯಾದ ಅನ್ನಿನಾ ವ್ಯಾನ್ ನೀಲ್ ಇದನ್ನು ಸಹಿಸಲಿಲ್ಲ. ಅವರ ಹೋರಾಟವೇ ‘ಎ ಸ್ಟೋರಿ ಆಫ್ ಬೋನ್ಸ್’ ಎಂಬ ಸಾಕ್ಷ್ಯಚಿತ್ರವಾಯಿತು. ಕೊನೆಗೆ 2022ರ ಆಗಸ್ಟ್‌ನಲ್ಲಿ ಇದೇ ಕಣಿವೆಯಲ್ಲಿ ಅವರನ್ನೆಲ್ಲ ಮತ್ತೆ ಮಣ್ಣು ಮಾಡಿದರು. ಮರುವರ್ಷ 20 ಮಂದಿಯ ಡಿಎನ್‌ಎ ಅಧ್ಯಯನ ಪ್ರಕಟವಾಯಿತು. ಉತ್ತರ ಅಂಗೋಲಾದಿಂದ ಗ್ಯಾಬನ್‌ವರೆಗಿನ ಸೀಮೆಯ ಜನರೇ ಇವರಿಗೆ ಹತ್ತಿರದ ನಂಟರು ಎಂದು ಅದು ತಿಳಿಸಿತು. ಹೆಸರು ಗೊತ್ತಿಲ್ಲದವರಿಗೆ ಊರಿನ ದಿಕ್ಕಾದರೂ ಸಿಕ್ಕಿತು.

ಬಂದವರಲ್ಲಿ ಕೆಲವು ನೂರು ಮಂದಿ ದ್ವೀಪದಲ್ಲೇ ಉಳಿದಿದ್ದರು. ನಿಮ್ಮ ಹಿರಿಯರು ಅವರೊಳಗೆ ಇದ್ದಿರಬಹುದೇ ಎಂದು ಚಾಲಕರನ್ನು ಕೇಳಿದೆ. “ಅಜ್ಜಿಯ ಕಡೆಯವರು ಇರಬಹುದು. ಅಜ್ಜಿ ಆ ವಿಷಯ ಎತ್ತುತ್ತಿರಲಿಲ್ಲ, ನಾವೂ ಕೇಳಲಿಲ್ಲ” ಎಂದರು. ಗಾಳಿ ಎದ್ದಿತ್ತು. ಖಾಲಿ ಪ್ಲಾಸ್ಟಿಕ್ ಬಾಟಲಿಯೊಂದು ಉರುಳುತ್ತ ಆ ಬಯಲಿಗೆ ಹೋಯಿತು. ಅವರು ಕಲ್ಲುಗಳ ನಡುವೆ ಹೆಜ್ಜೆ ನೋಡಿಕೊಂಡು ನಡೆದು ಅದನ್ನು ಎತ್ತಿ ತಂದರು, ಕಾರಿನ ಹಿಂದಿನ ಸೀಟಿನಲ್ಲಿಟ್ಟರು.