ಸೈಟು ಎರಡಾದರೆ ಮಳೆನೀರು ಎಲ್ಲಿಗೆ?

ಪ್ರಶ್ನೆ: ಬೆಂಗಳೂರಿನ ಬಡಾವಣೆಗಳಲ್ಲಿ 40×60 ಸೈಟನ್ನು ಎರಡು ಭಾಗ ಮಾಡಿದರೆ ಅಕ್ಕಪಕ್ಕದವರು ಮಳೆನೀರಿಗೆ ಹೆದರುವುದೇಕೆ?

ಉತ್ತರ: ಗೆರೆ ಎಳೆದ ಮಾತ್ರಕ್ಕೆ ನೀರು ಹೆಚ್ಚುವುದಿಲ್ಲ, ಹೆಚ್ಚುವುದು ಮಣ್ಣು ಮುಚ್ಚಿದಾಗ. ಒಂದು ಮನೆ, ಹಿತ್ತಿಲು, ತೆಂಗಿನ ಮರ ಇದ್ದ ಕಡೆ ಎರಡು ಕಟ್ಟಡ, ಕಾರು ನಿಲ್ಲಿಸಲು ಕಾಂಕ್ರೀಟು ಅಂಗಳ ಬರುತ್ತವೆ. 2,400 ಚದರಡಿ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ ಸುಮಾರು 11,000 ಲೀಟರ್ ನೀರು. ಹಿತ್ತಿಲಿದ್ದಾಗ ಅದರಲ್ಲೊಂದು ಪಾಲು ನೆಲಕ್ಕೆ ಇಂಗುತ್ತಿತ್ತು. ಈಗ ಬಹುಪಾಲು ನೇರ ಚರಂಡಿಗೆ. ಹೊಸ ಮನೆಗೆ ಮಣ್ಣು ತುಂಬಿ ಎತ್ತರಿಸಿದರಂತೂ ಪಕ್ಕದ ತಗ್ಗಿನ ಹಳೆಯ ಮನೆಗೇ ಪೆಟ್ಟು.

40×60 ಸೈಟು ಸರಿಯಾಗಿ ಎರಡಾದರೆ ಸಿಗುವುದು 30×40ರ ಎರಡು ಸೈಟು. 2009ರ ಕಾನೂನಿನ ಪ್ರಕಾರ ಅಂಥ 30×40 ಸೈಟಿನ ಹೊಸ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯವಾಯಿತು.

ಹಾಗಾಗಿ ಇಂಗುಗುಂಡಿ ಎಲ್ಲಿ, ನೀರು ಯಾವ ಕಡೆ ಹರಿಯುತ್ತದೆ ಎಂದು ನೆರೆಯವರು ಪಾಯ ತೋಡುವ ಮೊದಲೇ ಕೇಳಲಿ.